ಬೆರಳು ತಾಗದ ಮುದ್ದೆ

ಜಯಕ್ಕ ಚಿತ್ರದುರ್ಗದ ಹುಡುಗಿಯರ ಹಾಸ್ಟೆಲಿಗೆ ಅಡುಗೆಗೆ ಬಂದ ದಿನ, ಅಲ್ಲಿ ಸಂಜೆ ಗಣಿತ ಹೇಳಿಕೊಡುತ್ತಿದ್ದ ರಘುನಾಥ ಮೇಷ್ಟ್ರು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದ್ದರು. ಹೊಸದುರ್ಗದ ಕಡೆಯ ಕುರಿಗಾಹಿ ಮನೆತನದ ಹೆಂಗಸು, ಹಲಗೆಯ ಮೇಲೆ ಬಿಸಿ ರಾಗಿಮುದ್ದೆ ಕಟ್ಟುತ್ತಿದ್ದಳು. ಹುಡುಗಿಯರು ಅರವತ್ತೆರಡು, ಮುದ್ದೆಯೂ ಅರವತ್ತೆರಡು. ಎಣಿಸುತ್ತಲೇ ಇರಲಿಲ್ಲ.

"ಲೆಕ್ಕ ತಪ್ಪೋದಿಲ್ವೇನಮ್ಮ?"

"ಮುಖ ನೆನೆಸ್ಕೊಂಡು ಕಟ್ತೀನಿ ಸಾರ್. ಲೆಕ್ಕ ನಿಮಗಿರ್ಲಿ."

ಎಲ್ಲರ ಊಟವಾದ ಮೇಲೆ ಒಲೆಯ ಪಕ್ಕ ಒಬ್ಬಳೇ ಕುಳಿತು ಉಣ್ಣುವುದು ಅವಳ ಪದ್ಧತಿ. ಬಡಿಸುವವರು ಉಣ್ಣುವವರ ಸಾಲಿನಲ್ಲಿ ಕೂರಬಾರದೆಂದು ಅವಳ ತಾಯಿ ಕಲಿಸಿದ್ದಳು.

ಕಳೆದ ವರ್ಷ ಶ್ರಾವಣ ಮುಗಿದ ಹೊಸದರಲ್ಲಿ, ಎಮ್ಮೆಗೆ ಮುಸುರೆ ಒಯ್ಯಲು ಬಂದ ನಿಂಗಪ್ಪ ಬಕೆಟ್ಟಿನಲ್ಲಿ ಇಣುಕಿ, "ಏನವ್ವ, ನಮ್ಮ ಎಮ್ಮೆಗೂ ಹಾಸ್ಟೆಲಿನಾಗೆ ಸೀಟು ಕೊಟ್ಟೀಯೇನು? ಇಡೀ ಮುದ್ದೆ ಅವೆ" ಎಂದ.

ಕಾಗದದಲ್ಲಿ ಸುತ್ತಿದ ಆರು ಮುದ್ದೆ. ಯಾವುದಕ್ಕೂ ಬೆರಳು ತಾಗಿರಲಿಲ್ಲ. ಜಯಕ್ಕನ ಅಂಗೈಯ ಗುರುತು ಹಾಗೆಯೇ ಇತ್ತು.

ಮೊದಲು ಅವಳು ತನ್ನ ಕೈಯನ್ನೇ ಅನುಮಾನಿಸಿದಳು. ಸೊಪ್ಪಿನ ಸಾರು ಬಿಟ್ಟು ಹುರುಳಿಕಾಳಿನ ಸಾರು ಮಾಡಿದಳು. ಮಾರನೆಯ ದಿನವೂ ಆರು ಮುದ್ದೆ. ಐದನೇ ಕೋಣೆಯ ಪ್ರೀತಿಯ ಕೆನ್ನೆ ಇಳಿದದ್ದು ಆಗ ಕಣ್ಣಿಗೆ ಬಿತ್ತು. ಹೊಳಲ್ಕೆರೆ ಕಡೆಯ ಹುಡುಗಿ, ಒಂಬತ್ತನೇ ತರಗತಿ. ಎಂಟುನೂರು ಮೀಟರ್ ಓಟದಲ್ಲಿ ಜಿಲ್ಲಾ ಪಂದ್ಯಕ್ಕೆ ಆಯ್ಕೆಯಾಗಿದ್ದವಳು. ಗೆದ್ದ ಮಗುವಿಗೆ ದೃಷ್ಟಿ ತಾಗಿದೆ ಎಂದು ಜಯಕ್ಕ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಘಾಟು ಏಳಲಿಲ್ಲ. ಭಾರೀ ದೃಷ್ಟಿಯೇ ಎಂದು ನಂಬಿದಳು. ಬಾಗಿಲಲ್ಲಿ ನಿಂತ ಆ ಕೋಣೆಯ ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

ಮೂರನೆಯ ಬೆಳಿಗ್ಗೆ ಪ್ರೀತಿ ಓಡುತ್ತಿದ್ದವಳು ಮೈದಾನದಲ್ಲೇ ಕುಸಿದು ಬಿದ್ದಳು. ಇನ್ನೊಮ್ಮೆ ಬಿದ್ದರೆ ಪಂದ್ಯದ ಪಟ್ಟಿಯಿಂದ ಹೆಸರು ತೆಗೆಸುವುದಾಗಿ ವಾರ್ಡನ್ ಹೇಳಿದರು.

ಜಯಕ್ಕ ಅವಳನ್ನು ಅಡುಗೆಮನೆಯಲ್ಲಿ ಕೂರಿಸಿಕೊಂಡು ಅಂಬಲಿ ಕುಡಿಸಿದಳು. ಅರ್ಧ ಲೋಟ ಇಳಿದ ಮೇಲೆ ಮಾತು ಬಂತು.

"ನಮ್ಮ ಕೋಣೆ ಬೃಂದಾ ಚಾಲೆಂಜ್ ಅಂದ್ಳು. ಇಪ್ಪತ್ತೊಂದು ದಿನ ರಾತ್ರಿ ಊಟ ಬಿಡಬೇಕು. ಮುದ್ದೆ ತಿಂದ್ರೆ ದಪ್ಪ ಆಗ್ತಾರಂತೆ, ಕಪ್ಪಗಾಗ್ತಾರಂತೆ. ಯಾರು ಮೊದಲು ಉಣ್ತಾರೋ ಅವರ ಜೊತೆ ಯಾರೂ ಮಾತಾಡಂಗಿಲ್ಲ."

"ನಿನಗೆ ಹಸಿವಾಗ್ಲಿಲ್ವೇನವ್ವ?"

"ಆಗ್ತಿತ್ತು. ಎಲ್ರಿಗೂ ಆಗ್ತಿತ್ತೇನೋ. ಯಾರು ಮೊದಲು ಹೇಳ್ತಾರೆ?"

ಜಯಕ್ಕನ ಮೈ ಉರಿದುಹೋಯಿತು. ಹಸಿದ ಆರು ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡುತ್ತ, ಹಸಿವಿಲ್ಲವೆಂದು ಸುಳ್ಳು ಹೇಳಿ ಮಲಗುವುದೆಂದರೇನು? ರಾಗಿ ಬೆಳೆಯುವ ಮನೆಯ ಮಕ್ಕಳಿಗೆ ರಾಗಿಯ ಬಣ್ಣವನ್ನೇ ಹೇಸಿಗೆ ಮಾಡಿ ತೋರಿಸಿದವರು ಯಾರು? ಮಾತಾಡಿಸುವುದನ್ನು ಬಿಡುತ್ತೇವೆಂಬ ಒಂದು ಬೆದರಿಕೆಗೆ ಓಡುವ ಕಾಲುಗಳು ಸೋಲಬೇಕೆ? ಅವಳು ನೆಟ್ಟಗೆ ವಾರ್ಡನ್ ಬಳಿ ಹೋದಳು.

"ವಯಸ್ಸಿನ ಹುಡುಗಾಟ ಜಯಕ್ಕ. ತಾನೇ ಸರಿಹೋಗುತ್ತೆ" ಎಂದರು ಅವರು.

"ಹುಡುಗಾಟಕ್ಕೆ ಮಗು ನೆಲಕ್ಕೆ ಬೀಳ್ತೈತೇನ್ರಿ ಮೇಡಂ?"

ವಾರ್ಡನ್ ಹಾಜರಿ ಪುಸ್ತಕ ಬಿಡಿಸಿಕೊಂಡರು. ಬೃಂದಾಳನ್ನು ಎಲ್ಲರೆದುರು ನಿಲ್ಲಿಸಿ ಬೈಯಬೇಕೆಂದು ನಾಲಿಗೆ ತುರಿಸಿತು. ಆದರೆ ಜಯಕ್ಕ ಮಂದೆಯ ಹಿಂದೆ ಬೆಳೆದವಳು. ಮುಂದಿನ ಕುರಿಗೆ ಹೊಡೆದರೆ ಮಂದೆಯೆಲ್ಲ ಬೆದರಿ ಅದರ ಹಿಂದೆಯೇ ನುಗ್ಗುತ್ತದೆ. ನಡುವಿನದೊಂದು ನಿಂತರೆ ಹಿಂದಿನದು ತಾನೂ ನಿಂತು ನೋಡುತ್ತದೆ. ಒಂಟಿಯಾಗಿ ಮಾತ್ರ ಯಾವ ಕುರಿಯೂ ನಿಲ್ಲುವುದಿಲ್ಲ. ಅದರ ಮಗ್ಗುಲಲ್ಲಿ ಕುರಿಗಾಹಿ ನಿಲ್ಲಬೇಕು.

ಆ ಸಂಜೆ ಬಡಿಸಿ ಮುಗಿಸಿದವಳೇ ಜಯಕ್ಕ ತನ್ನ ತಟ್ಟೆ ತಂದು, ತಾಯಿಯ ಮಾತು ಮೀರಿ, ಪ್ರೀತಿಯ ಪಕ್ಕದಲ್ಲಿ ಕುಳಿತಳು. ಸಾಲೆಲ್ಲ ತಿರುಗಿ ನೋಡಿತು.

"ಒಬ್ಬಳೇ ಉಣ್ಣಕ್ಕೆ ನಾಚಿಕೆ ಆದ್ರೆ ನನ್ನ ಜೊತೆ ಉಣ್ಣು" ಎಂದಳು ಮೆಲ್ಲಗೆ.

"ಲೇ, ನೋಡ್ರೇ, ಪ್ರೀತಿಗೆ ಹೊಸ ಫ್ರೆಂಡ್ ಸಿಕ್ಕವ್ಳೆ" ಎಂದಳು ಬೃಂದಾ. ಕಿಸಿಕಿಸಿ ನಗು ಹರಿಯಿತು. ಮುದ್ದೆಯ ಕಡೆ ಹೋದ ಪ್ರೀತಿಯ ಕೈ ಅರ್ಧದಲ್ಲೇ ನಿಂತಿತು. ಜಯಕ್ಕ ತನ್ನ ತುತ್ತನ್ನು ಸಾರಿನಲ್ಲಿ ಅದ್ದಿ ನುಂಗಿದಳು.

"ಎಂಟ್ನೂರು ಮೀಟರ್ ನೀನು ಓಡ್ತೀಯೇನೇ ಬೃಂದಾ?" ಎಂದಳು ಪ್ರೀತಿ. "ಓಡೋಳು ನಾನು. ನಾನು ಉಣ್ತೀನಿ."

ಮುದ್ದೆ ಮುರಿದಳು. ನಾಲ್ಕು ದಿನ ಕೋಣೆಯವರು ಅವಳನ್ನು ಮಾತಾಡಿಸಲಿಲ್ಲ. ಅವಳು ಜಯಕ್ಕನ ಪಕ್ಕವೇ ಉಂಡಳು, ಬೆಳಿಗ್ಗೆ ಎದ್ದು ಓಡಿದಳು. ಐದನೆಯ ದಿನ ಬಕೆಟ್ಟಿನಲ್ಲಿ ಇದ್ದದ್ದು ಮೂರೇ ಮುದ್ದೆ. ಪಂದ್ಯದಲ್ಲಿ ಪ್ರೀತಿ ನಾಲ್ಕನೆಯವಳಾದಳು. ಪದಕವಿಲ್ಲ, ಆದರೆ ಬೀಳಲಿಲ್ಲ.

ಜಯಕ್ಕ ಈಗಲೂ ಅಲ್ಲೇ ಇದ್ದಾಳೆ. ಸಾಲಿನ ಕೊನೆಯಲ್ಲಿ ಕುಳಿತೇ ಉಣ್ಣುತ್ತಾಳೆ. ಪಕ್ಕದಲ್ಲೊಂದು ಜಾಗ ಖಾಲಿ ಬಿಟ್ಟಿರುತ್ತಾಳೆ. ಅಲ್ಲಿ ಬಂದು ಕೂತವರನ್ನು ಏಕೆಂದು ಕೇಳುವುದಿಲ್ಲ. ಆದರೆ ಸಿಟ್ಟು ಇಳಿದಿಲ್ಲ. ನಿಂಗಪ್ಪ ಬರುವ ಮೊದಲು ದಿನವೂ ಬಕೆಟ್ಟಿಗೆ ತಾನೇ ಕೈ ಹಾಕಿ ನೋಡುತ್ತಾಳೆ. ಮೊನ್ನೆ ಒಂದು ಮುದ್ದೆ ಸಿಕ್ಕಿತು, ಬೆರಳು ತಾಗದ್ದು. ಅದು ಯಾವ ಮುಖ ನೆನೆದು ಕಟ್ಟಿದ್ದೆಂದು ಅವಳಿಗೆ ಗೊತ್ತು. ಕೈ ತೊಳೆದುಕೊಂಡು ಎರಡನೇ ಕೋಣೆಯ ಕಡೆ ಹೊರಟಳು.