ಸೋಮವಾರವೂ ಈಜುವವನು

ನಮ್ಮ ಮಹಡಿ ಮನೆಯ ಬಾಡಿಗೆದಾರ ನಟೇಶನಿಗೆ ವಯಸ್ಸು ನಲವತ್ತು ದಾಟಿದರೂ ಈಜಿನ ಸ್ಪರ್ಧೆಯ ಹುಚ್ಚು ಬಿಟ್ಟಿಲ್ಲ. ಈಚೆಗೆ ವೇಗ ಕುಸಿದಿದೆ. ಅದಕ್ಕೆ ಒಂದು ದಿನ ಕೊಳದ ನೀರನ್ನು ಬೈಯುತ್ತಾನೆ, ಇನ್ನೊಂದು ದಿನ ಹೆಂಡತಿಯ ಉಪ್ಪಿಟ್ಟನ್ನು. ತಟ್ಟೆಯ ಮುಂದೆಯೇ ತೂಕಡಿಸುತ್ತಾನೆ, ತೋಳೆತ್ತಿ ಅಂಗಿ ಹಾಕಲಾರ. ಆದರೂ ಹೆಂಡತಿ ರೆಸ್ಟ್ ತಗೊಳ್ಳಿ ಎಂದರೆ "ಅದೆಲ್ಲ ಸೋಮಾರಿಗಳಿಗೆ" ಎಂದು ರೇಗುತ್ತಾನೆ. ಮೊನ್ನೆ ಸೋಮವಾರ ಬೆಳಿಗ್ಗೆ ಬಸವೇಶ್ವರನಗರದ ಕೊಳಕ್ಕೆ ಹೊರಟವನನ್ನು ಗೇಟಿನಲ್ಲೇ ತಡೆದೆ. "ಸೋಮವಾರ ಎತ್ತಿಗೂ ನೊಗ ಹೂಡಲ್ಲ ಕಣೋ, ನಿನ್ನ ಮೈ ಅದಕ್ಕಿಂತ ಕಡೆಯಾಯ್ತಾ?" ಹೆಲ್ಮೆಟ್ಟಿನೊಳಗಿಂದ ಮೆಲ್ಲಗೆ ಕೇಳಿದ: "ಇವತ್ತು ಬಿಟ್ಟು, ನಾಳೆ ಏಳೋಕೇ ಮನಸ್ಸು ಬರದಿದ್ರೆ ಏನ್ಮಾಡ್ಲಿ ಅಮ್ಮ?" ಬಂದ ಸಿಟ್ಟಿಗೆ ಸ್ಕೂಟರಿನ ಕೀ ಕಿತ್ತು ಸೆರಗಿಗೆ ಗಂಟು ಹಾಕಿಕೊಂಡೆ. "ಎಬ್ಬಿಸೋಕೆ ನಾನಿಲ್ವೇನೋ? ಹೋಗಿ ಮಲ್ಕೋ!"