ಲಗ್ನಪತ್ರಿಕೆಯ ಬಾಳೆನಾರು

ಮುಂಬಯಿಯ ಆಂಟಾಪ್ ಹಿಲ್‌ನ ಚಾಳಿನಲ್ಲಿ ಕೂತು ನಜಮುನ್ನೀಸಾ ಕಾಗದ ಮಾಡುತ್ತಾಳೆಂದರೆ ಮೊದಮೊದಲು ಜನ ನಗುತ್ತಿದ್ದರು. ವಿಜಯಪುರದಿಂದ ಮದುವೆಯಾಗಿ ಬಂದವಳು, ಈ ಕೆಲಸ ಕಲಿತದ್ದು ಮಹಿಳಾ ಮಂಡಳಿಯಲ್ಲಿ. ಮಾರ್ಕೆಟ್ಟಿನವರು ಬಿಸಾಡಿದ ಬಾಳೆದಿಂಡು, ದರ್ಜಿ ಅಂಗಡಿಯ ಹತ್ತಿಬಟ್ಟೆಯ ಚೂರು, ಇಷ್ಟೇ ಸಾಮಾನು. ಬೇಯಿಸಿ, ಕುಟ್ಟಿ, ಟಬ್ಬಿನ ನೀರಿನಲ್ಲಿ ಕಲಸಿ, ಚೌಕಟ್ಟಿಗೆ ಬಿಗಿದ ಜಾಳಿಗೆಯಿಂದ ಎತ್ತಿ ಒಣಗಿಸಿದರೆ ಹಾಳೆ. ಮರದ ಹಂಗಿಲ್ಲ.

ಪಕ್ಕದ ಖೋಲಿಯ ಗಂಗುಬಾಯಿ ತನ್ನ ಮಗಳು ನೇತ್ರಾಳ ಲಗ್ನಪತ್ರಿಕೆಗೆ ಈ ಹಾಳೆಯನ್ನೇ ಕೇಳಿದ್ದಳು. "ಹಂದರಕ್ಕ ಬಾಳಿಕಂಬ ಕಟ್ಟತೀವಿ. ಪತ್ರಿಕಿನೂ ಬಾಳೀದ ಇರಲಿ."

ನಡುವೆ ನಜಮುನ್ನೀಸಾ ದಹಿಸರಿನ ತಂಗಿಯ ಮನೆಗೆ ಹೋಗಿ ನಾಲ್ಕಾರು ದಿನ ಉಳಿದುಬಿಟ್ಟಳು. ಬಂದು ನೋಡಿದರೆ ಬೇಯಿಸಿಟ್ಟ ನಾರು ಅರ್ಧ ಕೊಳೆತಿತ್ತು. ಹೇಳಲು ನಾಚಿಕೆ. ಹಳೆಯ ಪೇಪರು ಹರಿದು ನೆನೆಸಿ ಕೊರತೆ ತುಂಬಿಸಿದಳು. ಹರಿಯುವಾಗ ಕೈಗೆ ಬಂದದ್ದು ಶ್ರದ್ಧಾಂಜಲಿಯ ಪುಟ. ತಲೆಗೆ ಪಟಕಾ ಸುತ್ತಿದ ಮುದುಕನೊಬ್ಬನ ಮುಖ ಎರಡು ಹೋಳಾಯಿತು. ಅವಳು ಬೆಳೆದ ಓಣಿಯಲ್ಲಿ ಸಾವಿನ ಪತ್ರ ಬಂದರೆ ಯಾವ ಜಾತಿಯವರೇ ಇರಲಿ, ಓದಿ ಹೊರಗೇ ಹರಿದು ಹಾಕುತ್ತಿದ್ದರು, ಒಳಗೆ ತರುತ್ತಿರಲಿಲ್ಲ. ಗೊತ್ತಿದ್ದೂ ಟಬ್ಬಿಗೆ ಹಾಕಿದಳು.

ಅಂದಿನಿಂದ ನಮಾಜಿಗೆ ನಿಂತರೂ ಅದೇ ಮುಖ.

ಹಾಳೆಗಳು ಪ್ರೆಸ್ಸಿಗೆ ಹೋಗುವ ಬೆಳಿಗ್ಗೆ ಗಂಗುಬಾಯಿ, ಮೊದಲ ಹಾಳೆಯ ಮೂಲೆಗೆ ಹಚ್ಚಲು ಅರಿಶಿನದ ಬಟ್ಟಲು ಹಿಡಿದು ಮಗಳೊಂದಿಗೆ ಬಂದಳು. ಅದ್ದಿದ ಬೆರಳು ಮುಂದೆ ಹೋಯಿತು. ನಜಮುನ್ನೀಸಾ ಕೈ ಹಿಡಿದಳು.

"ಬ್ಯಾಡ ಅಕ್ಕಾ. ಇದು ಬರೇ ಬಾಳೀದಲ್ಲ."

ಎಲ್ಲ ಹೇಳಿದಳು. ಆ ಪುಟದ ಮಾತನ್ನೂ ಮುಚ್ಚಿಡಲಿಲ್ಲ.

"ಚಲ್ತಾ ಹೈ, ಚಾಚೀ. ಯಾರಿಗೆ ಗೊತ್ತಾಗ್ತದೆ?" ಎಂದಳು ನೇತ್ರಾ.

"ನನಗ ಗೊತ್ತಾತಲ್ಲ!" ಗಂಗುಬಾಯಿ ಬಟ್ಟಲು ಕೆಳಗಿಟ್ಟಳು. "ತಂಗಿ ಮನ್ಯಾಗ ಬಿರಿಯಾನಿ ಉಣ್ಣಾಕ ಬಾಯಿತ್ತು. ನಾರು ಕೊಳತೈತಿ ಅಂತ ನನಗೊಂದು ಮಾತು ಹೇಳಾಕ ಇರಲಿಲ್ಲೇನವಾ?"

"ತಪ್ಪಾತ್ರೀ ಅಕ್ಕಾ."

"ಪ್ರೆಸ್ಸಿನವಗ ನಾ ಹೇಳ್ತೀನಿ. ಹೊಸಾದು ಮಾಡು."

ದಿಂಡನ್ನು ಗಂಗುಬಾಯಿಯೇ ತರಿಸಿಕೊಟ್ಟಳು. ಹಿಂದೆಲ್ಲ ಹೊಸ್ತಿಲಲ್ಲೇ ನಿಂತು "ಆತೇನವಾ?" ಎಂದು ಕೇಳಿ ಹೋಗುತ್ತಿದ್ದವಳು ಈ ಸಲ ಮಣೆ ತಂದು ಟಬ್ಬಿನ ಪಕ್ಕದಲ್ಲೇ ಕೂತಳು. ಸಿಟ್ಟಿರಲಿಲ್ಲ. ಚಹಾ ಕುಡಿದಳು, ಬೀಗರ ಬಡಿವಾರ ಹೇಳಿ ನಗಿಸಿದಳು ಕೂಡ. ಕಣ್ಣು ಮಾತ್ರ ನೀರಿನ ಮೇಲೆ.

ನಜಮುನ್ನೀಸಾ ಜಾಳಿಗೆ ಎತ್ತಿದಾಗಲೆಲ್ಲ, ಗಂಗುಬಾಯಿ ಕೇಳದಿದ್ದರೂ, ಬಾಗಿಲ ಬೆಳಕಿಗೆ ಹಿಡಿದು ತೋರಿಸಿಯೇ ಮುಂದಿನ ಹಾಳೆಗೆ ಹೋದಳು.