ಹಿಂದಿನ ಸೀಟಿನ ಜೋಗುಳ

ಮಸಗುಪ್ಪಿಯ ದಾರಿಯಲ್ಲಿ ಜೋಗುಳ ಕೇಳಿಸಿದಾಗ ರೇಡಿಯೊ ಇರಬೇಕೆಂದು ಕೈಹಾಕಿದೆ. ರೇಡಿಯೊ ಬಂದ್ ಆಗಿತ್ತು. ಹಿಂದಿನ ಸೀಟಿನಲ್ಲಿ ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಹಾಡುತ್ತಿದ್ದವಳು ನನ್ನ ಹೆಂಡತಿ! ಕೊಂಡರೆ ನಮಗೆ ಹೊಂದುತ್ತದೋ ಇಲ್ಲವೋ ನೋಡಿಕೊಳ್ಳಲೆಂದು ಗೆಳೆಯ ತನ್ನ ಎಲೆಕ್ಟ್ರಿಕ್ ಕಾರನ್ನು ಒಂದು ದಿನದ ಮಟ್ಟಿಗೆ ಕೊಟ್ಟಿದ್ದ. ಅದರಲ್ಲೇ ಅವಳ ತವರಿಗೆ ಹೊರಟಿದ್ದೆವು. ಎಂಜಿನ್ನಿನ ಸದ್ದೇ ಇರಲಿಲ್ಲ.

“ಅಲ್ಲ, ನೀ ಇಷ್ಟ ಚಂದ ಹಾಡ್ತಿ ಅಂತ ನನಗ ಗೊತ್ತ ಇರಲಿಲ್ಲಲ್ಲ?” ಎಂದೆ.

“ಬೈಕಿನ ಮ್ಯಾಲೂ ಹಾಡ್ತೇನ್ರಿ. ಆ ಸಪ್ಪಳದಾಗ ನಿಮಗೆಲ್ಲಿ ಕೇಳಸ್ಬೇಕು!” ಎಂದಳು.

ಬೈಕಿನಲ್ಲಿ ಅವಳು ಮಗಳನ್ನು ಓಢಣಿಯಿಂದ ತನ್ನ ಸೊಂಟಕ್ಕೆ ಬಿಗಿದುಕೊಂಡು ಕೂರುವುದಷ್ಟೇ ನನಗೆ ಗೊತ್ತಿತ್ತು.

ಸಂಜೆ ಕಾರು ಮರಳಿಸಿದೆ. ಗೋಕಾಕದಲ್ಲಿ ನಮ್ಮದು ಮಹಡಿಯ ಮೇಲಿನ ಬಾಡಿಗೆ ಮನೆ. ಆ ಇಕ್ಕಟ್ಟಿನ ಗಲ್ಲಿಯೊಳಗೆ ಕಾರೇ ಬರುವುದಿಲ್ಲ, ಇನ್ನು ಚಾರ್ಜ್ ಮಾಡುವುದೆಲ್ಲಿ? ಸ್ವಂತ ಮನೆಯಾಗುವವರೆಗೆ ಕಾರು ಬೇಡವೆಂದು ಇಬ್ಬರೂ ಒಪ್ಪಿಕೊಂಡೆವು.

ಈಗಲೂ ಮಸಗುಪ್ಪಿಗೆ ಬೈಕಿನಲ್ಲೇ ಹೋಗುತ್ತೇವೆ. ಇಳಿಜಾರು ಬಂದಾಗ ಎಂಜಿನ್ ಬಂದ್ ಮಾಡುತ್ತೇನೆ. ಪೆಟ್ರೋಲ್ ಉಳಿಸಲಿಕ್ಕೆಂದು ಅವಳು ತಿಳಿದಿದ್ದಾಳೆ. ಹಾಡು ಕಿವಿಗೆ ಬೀಳುವಷ್ಟರಲ್ಲಿ ಇಳಿಜಾರು ಮುಗಿದುಬಿಡುತ್ತದೆ.